ಎದುರಿನವರ ಕ್ಲೋಸಪ್

ಇವತ್ತು ಕೊಡುವುದಿಲ್ಲ ಎಂದು ಅವಳು ಬೆಳಿಗ್ಗೆ ಹಲ್ಲುಜ್ಜುವಾಗಲೇ ತೀರ್ಮಾನಿಸಿಬಿಟ್ಟಿದ್ದಳು. ಮೇಕಪ್ ಕುರ್ಚಿಯಲ್ಲಿ ಕೂತು ಕತ್ತು ಹಿಂದಕ್ಕೆ ಚೆಲ್ಲಿದಾಗಲೂ ಆ ತೀರ್ಮಾನ ಗಟ್ಟಿಯಾಗಿಯೇ ಇದೆಯೇ ಎಂದು, ಅಲ್ಲಾಡುವ ಹಲ್ಲನ್ನು ನಾಲಿಗೆಯಿಂದ ತಡಕುವಂತೆ, ಮತ್ತೆ ಮತ್ತೆ ತಡಕಿ ನೋಡಿಕೊಂಡಳು. ಮೇಕಪ್ಪಿನವನು ಅವಳ ಕಣ್ಣಿನ ಕೆಳಗೆ ಕಪ್ಪು ಬಳಿಯುತ್ತಿದ್ದ. ಐವತ್ತೆಂಟು ವರ್ಷ ಬದುಕಿ ಸಂಪಾದಿಸಿದ ಕಪ್ಪು ಈ ಪಾತ್ರಕ್ಕೆ ಸಾಲದಂತೆ. 'ಇವತ್ತು ನಿಮ್ಮ ಸೀನು ಅಂತೆ ಅಮ್ಮ, ಡೈರೆಕ್ಟರು ನಿನ್ನೆಯಿಂದ ಅದನ್ನೇ ಹೇಳ್ತಾ ಇದ್ರು' ಎಂದ. ನನ್ನ ಸೀನು ಎಂದು ಇಪ್ಪತ್ತೆಂಟು ವರ್ಷದಲ್ಲಿ ಎಷ್ಟು ಜನ ಹೇಳಿಲ್ಲ ಎಂದುಕೊಂಡಳು. ಪ್ರತಿ ಸಲವೂ ಥಿಯೇಟರಿನ ಕತ್ತಲಲ್ಲಿ ಕೂತು ನೋಡಿದರೆ ತೆರೆಯ ಮೇಲೆ ಇನ್ಯಾರದೋ ಮುಖ ಅಳುತ್ತಿರುತ್ತದೆ, ಮೂಲೆಯಲ್ಲಿ ತನ್ನ ಭುಜ, ಅರ್ಧ ಕಿವಿ, ತುರುಬು. ಕಳೆದ ವರ್ಷ ಅದೂ ಇಲ್ಲ. ಒಂದು ಚಿತ್ರದಲ್ಲಿ ಅವಳ ಫೋಟೊ ತೆಗೆದು ಗೋಡೆಗೆ ತಗುಲಿಸಿದರು, ತೀರಿಹೋದ ತಾಯಿ ಎಂದು. ಅಷ್ಟೇ ಪಾತ್ರ. ಒಂದು ಗಂಟೆಯಲ್ಲಿ ಮುಗಿಯಿತು, ಕಾರು ಕೊಟ್ಟು ಕಳಿಸಿದರು.

ಕೊಡುವುದಿಲ್ಲ ಎಂದದ್ದು ಕ್ಯೂವನ್ನು, ಎದುರಿನವರಿಗೆ ಎತ್ತಿಕೊಡುವ ಮಾತನ್ನು. ಇಬ್ಬರು ಮಾತಾಡುವ ದೃಶ್ಯವಿದ್ದರೆ ಮೊದಲು ಇಬ್ಬರನ್ನೂ ಸೇರಿಸಿ ತೆಗೆಯುತ್ತಾರೆ, ಆಮೇಲೆ ಒಬ್ಬೊಬ್ಬರ ಮುಖವನ್ನೇ. ಒಬ್ಬರ ಮುಖದ ಮೇಲೆ ಕ್ಯಾಮೆರಾ ಇರುವಾಗ ಇನ್ನೊಬ್ಬರು ಅದರ ಪಕ್ಕದಲ್ಲಿ, ಯಾರಿಗೂ ಕಾಣದ ಹಾಗೆ, ಒಂದು ದೀಪಕ್ಕೂ ಇನ್ನೊಂದು ದೀಪಕ್ಕೂ ನಡುವೆ ತೂರಿಕೊಂಡು ನಿಂತು ತಮ್ಮ ಮಾತು ಹೇಳಬೇಕು. ಎದುರಿನವರಿಗೆ ಅಳಲೋ ನಗಲೋ ಸಿಟ್ಟಾಗಲೋ ಅದೇ ಆಸರೆ. ಕಾಣದ ಕಡೆ ಯಾರು ಮೈ ನೋಯಿಸಿಕೊಳ್ಳುತ್ತಾರೆ? ಎಲ್ಲರೂ ಪಾಠ ಒಪ್ಪಿಸಿದ ಹಾಗೆ ಹೇಳಿ ಮುಗಿಸುತ್ತಾರೆ. ದೊಡ್ಡ ಹೀರೋಗಳು ಅಷ್ಟನ್ನೂ ಮಾಡುವುದಿಲ್ಲ, ತಮ್ಮ ಮುಖದ ಕೆಲಸ ಮುಗಿಯುತ್ತಲೇ ಹೊರಟುಬಿಡುತ್ತಾರೆ. ಆಮೇಲೆ ಅವಳ ಸರದಿ ಬಂದಾಗ ಒಬ್ಬ ಸಹಾಯಕ ನಿರ್ದೇಶಕ ಕಾಗದ ಹಿಡಿದು, ಔಷಧಿ ಚೀಟಿ ಓದುವವನ ಧ್ವನಿಯಲ್ಲಿ, 'ಅಮ್ಮಾ ನಾನು ಗೆದ್ದು ಬಂದೆ ಅಮ್ಮಾ' ಎನ್ನುತ್ತಾನೆ. ಅವಳು ನೋಟದ ಗುರುತಿಗೆಂದು ದೀಪದ ಸ್ಟ್ಯಾಂಡಿಗೆ ಅಂಟಿಸಿದ ಟೇಪಿನ ತುಂಡನ್ನು ಮಗ ಎಂದುಕೊಂಡು ಉಕ್ಕಿ ಬರಬೇಕು. ಉಕ್ಕುವುದಾದರೂ ಎಲ್ಲಿಂದ? ಉಕ್ಕುವುದಿದ್ದಷ್ಟೂ ಒಂದು ಗಂಟೆಯ ಹಿಂದೆ, ಆ ಹೀರೋ ಮುಖದ ಮೇಲೆ ಕ್ಯಾಮೆರಾ ಇದ್ದಾಗ, ದೀಪದ ಕಂಬದ ಪಕ್ಕ ನಿಂತು ಉಕ್ಕಿಸಿ ಮುಗಿಸಿರುತ್ತಿದ್ದಳು. ಗಂಟಲು ಹರಿಯುವ ಹಾಗೆ, ಮೂಗಿನಲ್ಲಿ ನೀರಿಳಿಯುವ ಹಾಗೆ. ಹೀರೋ ಗಳಗಳ ಅತ್ತ, ಪೇಪರಿನವರು ಮೆಚ್ಚಿ ಬರೆದರು. ಅವಳ ಕಣ್ಣಿಗೆ ಗ್ಲಿಸರಿನ್ ಹಾಕಬೇಕಾಯಿತು. ಮನೆಗೆ ಹೋಗುವ ಕಾರಿನಲ್ಲಿ ತಾನೇತಾನಾಗಿ ಅಳು ಬರುತ್ತಿತ್ತು, ಅಟ್ಟ ಮೇಲೆ ಒಲೆ ಉರಿದ ಹಾಗೆ.

ಗಂಡ ಇಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ರೇಖೆ ಬಣ್ಣ ಬಿಟ್ಟು ಬೇರೆ ಯಾವುದರಲ್ಲೂ ಸುಳ್ಳು ಹೇಳಲು ಬಾರದ ಮನುಷ್ಯ. ಅವಳ ಚಿತ್ರ ಟೀವಿಯಲ್ಲಿ ಬಂದಾಗ ಕನ್ನಡಕ ಹಣೆಗೇರಿಸಿ ನೋಡಿ, 'ನಿನ್ನ ಬೆನ್ನು ಚೆನ್ನಾಗಿ ಬಂದಿದೆ ಕಣೇ' ಎಂದಿದ್ದರು, ಒಂದು ಚೂರೂ ಕುಹಕವಿಲ್ಲದೆ. 'ನಾನು ಅಲ್ಲಿ ಹೇಗೆ ಮಾಡಿದ್ದೆ ಗೊತ್ತೇನ್ರೀ, ಲೈಟಿನವರು ಕಣ್ಣು ಒರೆಸ್ಕೊಂಡ್ರು' ಎಂದಳು. 'ಹೌದಾ? ಎಲ್ಲಿ, ಕಾಣಲಿಲ್ವಲ್ಲ' ಎಂದರು. ಆ ಸಿಟ್ಟನ್ನು ಅವಳು ಎರಡು ದಿನ ಪಾತ್ರೆಗಳ ಮೇಲೆ ತೀರಿಸಿಕೊಂಡಿದ್ದಳು. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಮೇಷ್ಟ್ರು ಗೊಣಗಿದ್ದೂ ಆಗಲೇ.

ಎಲ್ಲರ ಬಾಯಲ್ಲೂ ಒಂದೇ ಮಾತು, ಎಂಥ ದೊಡ್ಡ ಮನಸ್ಸಿನ ಕಲಾವಿದೆ, ಎದುರಿನವರಿಗೆ ಎಷ್ಟು ಕೊಡ್ತಾರೆ. ದೊಡ್ಡ ಮನಸ್ಸಂತೆ! ಆ ಮಾತು ಕೇಳಿದಾಗಲೆಲ್ಲ ಅವಳಿಗೆ ಮೈ ಮೇಲೆ ಹಲ್ಲಿ ಬಿದ್ದಂತಾಗುತ್ತಿತ್ತು. ಅದು ಮನಸ್ಸು ದೊಡ್ಡದಾಗಿ ಬಂದದ್ದಲ್ಲ ಎಂದು ಅವಳೊಬ್ಬಳಿಗೇ ಗೊತ್ತು. ನಾಟಕದ ತಂಡದಲ್ಲಿದ್ದಾಗ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಒಂದು ಸಲ ಕೊಡದೇ ಇದ್ದದ್ದಕ್ಕೆ ಅಂಟಿಕೊಂಡ ಚಟ ಅದು. ಇನ್ನೊಬ್ಬರ ಮುಖ ಎದುರಿಗೆ ಬಂದರೆ ಸಾಕು, ಒಳಗೆ ಯಾರೋ ಬೆನ್ನಿಗೆ ಕೈ ಹಾಕಿ ಕೊಡು ಕೊಡು ಎಂದು ನೂಕುತ್ತಾರೆ. ಎಷ್ಟು ವರ್ಷ ಅಂತ ತೊಳೆಯುವುದು ಒಂದೇ ಕೊಳೆಯನ್ನು? ಇವತ್ತು ಸಾಕು. ಈ ಚಿತ್ರದಲ್ಲಿ ಅವಳ ಮುಖದ ಮೇಲೆ ಕ್ಯಾಮೆರಾ ಪೂರಾ ಒಂದು ನಿಮಿಷ ನಿಲ್ಲುತ್ತದೆ ಎಂದು ನಿರ್ದೇಶಕ ಕೈ ಮೇಲೆ ಕೈ ಇಟ್ಟು ಹೇಳಿದ್ದ. ಇಡೀ ಕಥೆ ನಿಂತಿರೋದೇ ಆ ನಿಮಿಷದ ಮೇಲೆ ಅಮ್ಮ ಎಂದಿದ್ದ. ಇದಾದ ಮೇಲೆ ಇನ್ನೊಂದು ನಿಮಿಷ ಯಾರೂ ಕೊಡುವುದಿಲ್ಲ ಎಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಸೆಟ್ಟು ಒಂದು ಬಾಡಿಗೆ ಮನೆಯ ಅಡುಗೆಕೋಣೆ. ಕಿಟಕಿಯ ಹೊರಗೆ ದೊಡ್ಡ ದೀಪವೊಂದನ್ನು ನಿಲ್ಲಿಸಿ ಸಂಜೆ ಮಾಡಿದ್ದರು. ಕಥೆಯಲ್ಲಿ ಮಗಳಿಗೆ ದೂರದೂರಿನಿಂದ ಓದಲು ಕರೆದು ಒಂದು ಕಾಗದ ಬಂದಿರುತ್ತದೆ. ತಾಯಿ ಅದನ್ನು ಮುಚ್ಚಿಟ್ಟು ಸುಟ್ಟಿರುತ್ತಾಳೆ. ಹತ್ತು ವರ್ಷದ ಮೇಲೆ ಮಗಳು ಕೇಳುತ್ತಾಳೆ, 'ಆ ಕಾಗದ ಬಂದಿತ್ತಾ ಅಮ್ಮ?' ತಾಯಿ ಹೇಳಬೇಕು: 'ಬಂದಿತ್ತು. ನಾನೇ ಒಲೆಗೆ ಹಾಕಿದೆ. ನೀನು ಹೋಗಿಬಿಟ್ಟಿದ್ದರೆ ನಾನು ಬೆಳಿಗ್ಗೆ ಯಾರ ಮುಖ ನೋಡಿ ಏಳಬೇಕಿತ್ತು?' ಇಷ್ಟೇ. ಮಗಳ ಪಾತ್ರದ ಹುಡುಗಿಗೆ ಇದು ಎರಡನೆಯದೋ ಮೂರನೆಯದೋ ಚಿತ್ರ. ಇಪ್ಪತ್ತೆರಡು ವರ್ಷವಿರಬೇಕು. ಉಗುರು ಕಡಿಯುವ ಅಭ್ಯಾಸ, ಮೇಕಪ್ಪಿನವರು ಅದಕ್ಕಾಗಿ ದಿನಾ ಬೈಯುತ್ತಿದ್ದರು. ಮಧ್ಯಾಹ್ನ ಎರಡಕ್ಕೆ ಅವಳು ಬೇರೆ ಕಡೆ ಹೋಗಬೇಕಿತ್ತು, ಹಾಗಾಗಿ ಅವಳ ಕ್ಲೋಸಪ್ ಮೊದಲು. ಅಮ್ಮನದು ಆಮೇಲೆ, ಹುಡುಗಿ ಹೋದ ಮೇಲೆ. 'ನಿಮಗೇನು ಅಮ್ಮ, ನೀವು ಗೋಡೆ ನೋಡ್ಕೊಂಡೂ ಮಾಡ್ತೀರಿ' ಎಂದ ನಿರ್ದೇಶಕ, ಕಣ್ಣು ಮಾನಿಟರ್ ಮೇಲೆಯೇ ಇಟ್ಟುಕೊಂಡು. ಹೊಗಳಿಕೆಯ ಹೆಸರಿನಲ್ಲಿ ಜನ ಏನೇನು ಕಿತ್ತುಕೊಳ್ಳುತ್ತಾರೆ ಎಂದು ಅವಳಿಗೆ ನಗು ಬಂತು.

ಅವಳು ಕ್ಯಾಮೆರಾದ ಪಕ್ಕ ನಿಂತಳು. ಹುಡುಗಿ ಎದುರಿಗೆ, ಬೆಳಕಿನಲ್ಲಿ. 'ಆ ಕಾಗದ ಬಂದಿತ್ತಾ ಅಮ್ಮ?' ಎಂದು ಕೇಳಿ ಕಣ್ಣೆತ್ತಿದಳು. ಅವಳು ಹೇಳಿದಳು, ಬಂದಿತ್ತು, ನಾನೇ ಒಲೆಗೆ ಹಾಕಿದೆ. ಹೇಳಿದ್ದು ಸ್ಪಷ್ಟವಾಗಿತ್ತು, ಒಂದಕ್ಷರ ತಪ್ಪಿರಲಿಲ್ಲ, ಅಂಗಡಿಯಲ್ಲಿ ಸಾಮಾನಿನ ಪಟ್ಟಿ ಓದಿದ ಹಾಗೆ. ಅದನ್ನು ಹೇಳುವಾಗ ಒಳಗಿನದನ್ನೆಲ್ಲ ಹೊಟ್ಟೆಯ ತಳಕ್ಕೆ ಒತ್ತಿ ಹಿಡಿದಿದ್ದಳು, ಉಕ್ಕುವ ಹಾಲಿನ ಪಾತ್ರೆಯ ಮೇಲೆ ತಟ್ಟೆ ಮುಚ್ಚಿ ಹಿಡಿದ ಹಾಗೆ. ಹುಡುಗಿಯ ಮುಖದಲ್ಲಿ ಏನೂ ಆಗಲಿಲ್ಲ. ಕಟ್. ಇನ್ನೊಂದು. ಹುಡುಗಿ ಹುಬ್ಬು ಗಂಟಿಕ್ಕಿದಳು, ಅಷ್ಟೇ. ಮೂರನೆಯದಕ್ಕೆ ನಿರ್ದೇಶಕ ಎದ್ದುಬಂದು ಎಲ್ಲರೆದುರು, 'ಏನಮ್ಮ, ಸೋಪಿನ ಜಾಹೀರಾತು ಮಾಡ್ತಿದ್ದೀಯಾ? ಅಮ್ಮ ನಿನ್ನ ಜೀವನಾನೇ ಸುಟ್ಟೆ ಅಂತಿದ್ದಾಳೆ, ನೀನು ಬಸ್ಸಿಗೆ ಕಾಯೋಳ ಥರ ನಿಂತಿದ್ದೀಯಲ್ಲ' ಎಂದ. ಲೈಟಿನವನೊಬ್ಬ ಕಿಸಕ್ಕೆಂದ. ಹುಡುಗಿಯ ಕೈ ಉಗುರಿನ ಕಡೆ ಹೋಗಿ ವಾಪಸ್ಸು ಬಂತು.

ಆ ಕಿಸಕ್ಕೆನ್ನುವ ನಗು ಅವಳಿಗೆ ಗೊತ್ತಿತ್ತು. ಮೂವತ್ತನಾಲ್ಕು ವರ್ಷದ ಹಿಂದೆ, ತಂಡದ ನಾಟಕವೊಂದರಲ್ಲಿ ಅವಳು ಸಖಿಯಾಗಿದ್ದಾಗ, ಪ್ರೇಕ್ಷಕರ ಮೂರನೆಯ ಸಾಲಿನಿಂದ ಬಂದಿತ್ತು. ರಾಣಿ ಪ್ರೇಕ್ಷಕರಿಗೆ ಬೆನ್ನು ಹಾಕಿ ನಿಂತಿರುತ್ತಾಳೆ, ಸಖಿ 'ಬಾಗಿಲಲ್ಲಿ ಯಾರೋ ಬಂದು ನಿಂತಿದ್ದಾರೆ ದೇವಿ' ಎನ್ನಬೇಕು, ಆಗ ರಾಣಿ ತಿರುಗಿ ಆ ಉದ್ದದ ಮಾತು ಶುರು ಮಾಡಬೇಕು. ರಾಣಿಯ ಪಾತ್ರ ದೊಡ್ಡಕ್ಕನದು. ತಂಡದಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ಇವಳಿಗೆ ಸೀರೆ ಉಡುವುದನ್ನು, ಉಸಿರು ಹಿಡಿಯುವುದನ್ನು, ಕೊನೆಯ ಸಾಲಿನವನಿಗೂ ಪಿಸುಮಾತು ಕೇಳಿಸುವುದನ್ನು ಕಲಿಸಿದವರು. ಆ ವರ್ಷ ದೊಡ್ಡಕ್ಕನಿಗೆ ಮಾತು ಸಡಿಲವಾಗತೊಡಗಿತ್ತು. ಪಕ್ಕದವರ ಮಾತು ಬಂದರೆ ಮಾತ್ರ ತಮ್ಮದು ನೆನಪಾಗುತ್ತಿತ್ತು. 'ನೀನಿದ್ರೆ ನನಗೆ ಭಯ ಇಲ್ಲ ಕಣೇ' ಎಂದಿದ್ದರು. ಅವತ್ತು ಸಖಿ ಆ ಮಾತು ಹೇಳಲಿಲ್ಲ. ಮರೆತದ್ದಲ್ಲ. ಮಾತು ನಾಲಿಗೆಯ ಮೇಲೇ ಇತ್ತು, ಹಲ್ಲು ಕಚ್ಚಿ ಅದನ್ನು ಒಳಗೇ ಇಟ್ಟುಕೊಂಡಳು, ರಾಣಿಯ ಸೀರೆ ತನ್ನ ಮೈ ಮೇಲೆ ಹೇಗೆ ಕಾಣುತ್ತದೆ ಎಂದು ನೋಡುವ ಆಸೆಯಿಂದ. ದೊಡ್ಡಕ್ಕನ ಬೆನ್ನು ಆ ಮಾತಿಗಾಗಿ ಕಾಯಿತು. ಮೊದಲು ಸುಮ್ಮನೆ ಕಾಯಿತು, ಆಮೇಲೆ ಭುಜದ ಹತ್ತಿರ ಸಣ್ಣಗೆ ನಡುಗಿತು. ಮೂರನೆಯ ಸಾಲಿನಲ್ಲಿ ಯಾರೋ ನಕ್ಕರು. ದೊಡ್ಡಕ್ಕ ತಿರುಗಿ ಮಧ್ಯದಿಂದ ಎಲ್ಲೋ ಶುರು ಮಾಡಿ, ಹಿಂದಕ್ಕೆ ಬಂದು, ಸಿಕ್ಕಿಕೊಂಡು, ಕೊನೆಗೆ ಕೈ ಮುಗಿದು ಒಳಗೆ ಹೋದರು. ಬಣ್ಣದ ಕೋಣೆಯಲ್ಲಿ ಕನ್ನಡಿಯ ಮುಂದೆ ಕೂತು, ಬಣ್ಣ ಒರೆಸಿಕೊಳ್ಳುತ್ತ, 'ಒಂಚೂರು ನೀರು ಕೊಡು' ಎಂದರು. ಅಷ್ಟೇ ಕೇಳಿದ್ದು. ಇವಳು ಕೊಟ್ಟಳು. ಒಂದು ತಿಂಗಳಲ್ಲಿ ರಾಣಿಯ ಸೀರೆ ಇವಳ ಮೈ ಮೇಲೆ ಬಂತು. ಆ ಸೀರೆಯಿಂದಲೇ ಸಿನಿಮಾದವರ ಕಣ್ಣಿಗೆ ಬಿದ್ದದ್ದು. ದೊಡ್ಡಕ್ಕ ಅಣ್ಣನ ಮಗನ ಮನೆ ಸೇರಿ ಅಲ್ಲೇ ತೀರಿಹೋದರು. ಸುದ್ದಿ ಬಂದ ದಿನ ಇವಳಿಗೆ ಶೂಟಿಂಗ್ ಇತ್ತು.

ನಾಲ್ಕನೆಯ ಟೇಕ್. ಬೇಕಾದರೆ ಈಗಲೂ ಕೊಡಬಹುದು ಎನಿಸಿತು. ಒಂದು ಉಸಿರಿನ ಕೆಲಸ, ಈ ಮಗು ಬಚಾವಾಗುತ್ತದೆ. ಹುಡುಗಿ ಪ್ರಶ್ನೆ ಕೇಳಿದಳು. ಅವಳು ಉಸಿರು ತೆಗೆದುಕೊಂಡಳು, ಒಳಗಿನದು ಮೇಲಕ್ಕೆ ಬಂತು, ಅದನ್ನು ಮತ್ತೆ ಒತ್ತಿದಳು. ಬಂದಿತ್ತು. ನಾನೇ ಒಲೆಗೆ ಹಾಕಿದೆ. ಹುಡುಗಿ ಅವಳನ್ನೇ ನೋಡಿದಳು. ಪಾತ್ರದ ತಾಯಿಯನ್ನಲ್ಲ, ಅವಳನ್ನು. ನಾನೇನು ಮಾಡಿದೆ ನಿಮಗೆ ಎನ್ನುವ ನೋಟ. ಆಮೇಲೆ ಕೆಳತುಟಿ ಒಂದು ಕಡೆ ಜಾರಿತು, ಅದನ್ನು ಹಿಡಿಯಲು ಹೋಗಿ ಇಡೀ ಮುಖವೇ ಕೈ ತಪ್ಪಿತು. ಮೂಗು ಕೆಂಪಾಗಿ, ಮಕ್ಕಳು ಅಳುವ ಹಾಗೆ ಸೊಟ್ಟ ಬಾಯಲ್ಲಿ, ಸದ್ದಿಲ್ಲದೆ ಅತ್ತಳು. 'ಒಂದು ಮಾತು ಹೇಳಬಹುದಿತ್ತಲ್ಲ ಅಮ್ಮ' ಎಂಬ ತನ್ನ ಪಾತ್ರದ ಮಾತನ್ನು ಮುರಿದು ಮುರಿದು ಹೇಳಿದಳು. ಕಟ್ ಎನ್ನುವುದಕ್ಕೂ ನಿರ್ದೇಶಕನಿಗೆ ನೆನಪಾಗಲಿಲ್ಲ. ಆಮೇಲೆ ಚಪ್ಪಾಳೆ, ಕಿಸಕ್ಕೆಂದ ಲೈಟಿನವನೇ ಮೊದಲು ಶುರು ಮಾಡಿದ.

ನಿರ್ದೇಶಕ ಓಡಿಬಂದವನು ಹುಡುಗಿಯ ಹತ್ತಿರ ಹೋಗಲಿಲ್ಲ, ಅವಳ ಹತ್ತಿರ ಬಂದ. ಅವಳ ಎರಡೂ ಕೈ ಹಿಡಿದುಕೊಂಡು ತಗ್ಗಿದ ಧ್ವನಿಯಲ್ಲಿ, 'ಬೇಕಂತಲೇ ಬಿಗಿ ಹಿಡಿದ್ರಿ ಅಲ್ವಾ ಅಮ್ಮ? ನನಗೆ ಮೂರನೇ ಟೇಕಿಗೇ ಗೊತ್ತಾಯ್ತು. ಅದಕ್ಕೇ ನಾನೂ ಬೈದೆ. ಅನುಭವ ಅಂದ್ರೆ ಇದು' ಎಂದ. ಅವಳಿಗೆ ಜೋರಾಗಿ ಕೂಗಬೇಕೆನಿಸಿತು. ಕೊಟ್ಟರೆ ಎದುರಿನವರ ಮುಖ ಬೆಳಗುತ್ತದೆ, ಕೊಡದಿದ್ದರೆ ಇನ್ನೂ ಚೆನ್ನಾಗಿ ಬೆಳಗುತ್ತದೆ. ಕೆಟ್ಟದ್ದು ಮಾಡುವುದಕ್ಕೂ ತನಗೆ ಯೋಗ್ಯತೆ ಇಲ್ಲವೇ? ಆದರೆ ಮುಖ ಮಾತ್ರ ಪತ್ರಿಕೆಯವರಿಗೆಂದು ಇಟ್ಟುಕೊಂಡಿದ್ದ ನಗುವನ್ನು ತಾನಾಗಿಯೇ ನಕ್ಕಿತು. ಆ ಹೊಗಳಿಕೆ ಬಾಯಲ್ಲಿ ಬಿಸಿ ತುಪ್ಪದ ಹಾಗೆ ನಿಂತಿತು, ಉಗುಳುವಂತಿಲ್ಲ, ನುಂಗುವಂತಿಲ್ಲ.

ದೀಪಗಳನ್ನು ಈ ಕಡೆಯಿಂದ ಆ ಕಡೆಗೆ ತಿರುಗಿಸಲು ಮುಕ್ಕಾಲು ಗಂಟೆ ಬೇಕಿತ್ತು. ಅವಳು ಹಿಂದಿನ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಳು. ಒಳಗೆ ಒತ್ತಿಟ್ಟದ್ದು ಇನ್ನೂ ಬಿಸಿಯಾಗಿಯೇ ಇದೆ ಎಂದು ಸಮಾಧಾನ ಹೇಳಿಕೊಂಡಳು. ಕೊನೇಪಕ್ಷ ಇವತ್ತು ಬರಿದಾಗಿಲ್ಲ. ಅಷ್ಟರಲ್ಲಿ ಹುಡುಗಿ ಬಂದು ಪಕ್ಕದ ಕುರ್ಚಿ ಎಳೆದುಕೊಂಡಳು. ಮುಖ ತೊಳೆದಿದ್ದಳು, ಮೂಗಿನ ತುದಿ ಇನ್ನೂ ಕೆಂಪಗಿತ್ತು.

'ನಾನು ಹೋಗಲ್ಲ ಅಮ್ಮ. ಅಲ್ಲಿಗೆ ಸಂಜೆ ಬರ್ತೀನಿ ಅಂತ ಫೋನ್ ಮಾಡಿದೆ. ನಿಮ್ಮ ಕ್ಲೋಸಪ್‌ಗೆ ಕ್ಯೂ ನಾನೇ ಕೊಡ್ತೀನಿ.'

ಹೀಗೆ ಹೇಳಿದವರು ಇಷ್ಟು ವರ್ಷದಲ್ಲಿ ಒಬ್ಬರೂ ಇರಲಿಲ್ಲ.

'ನಿಮಗೆ ತೊಂದರೆ ಇಲ್ಲ ತಾನೆ?'

'ನನಗೇನು ತೊಂದರೆ' ಎಂದಳು. ಧ್ವನಿ ಒರಟಾಗಿ ಬಂತು.

'ನಿಜ ಹೇಳ್ಲಾ? ಮೊದಲ ಮೂರು ಟೇಕ್ ನಂಗೆ ನಿಮ್ಮ ಮೇಲೆ ಎಷ್ಟು ಕೋಪ ಬಂತು ಗೊತ್ತಾ! ಇವರಿಗೆ ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡೆ. ಆಮೇಲೆ ಸರ್ ಹೇಳಿದ್ರು, ನನಗೋಸ್ಕರಾನೇ ಹಾಗೆ ಮಾಡಿದ್ದು ಅಂತ.' ಹುಡುಗಿ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದಳು. 'ನಾನು ಇದನ್ನ ಎಲ್ಲ ಇಂಟರ್‌ವ್ಯೂನಲ್ಲೂ ಹೇಳ್ತೀನಿ ಅಮ್ಮ. ಸಾಯೋವರೆಗೂ ಹೇಳ್ತೀನಿ.'

ಸುಮ್ಮನಿರು ಎಂದು ಅವಳು ತನಗೇ ಹೇಳಿಕೊಂಡಳು. ಮುಕ್ಕಾಲು ಗಂಟೆ ಬಾಯಿ ಮುಚ್ಚಿಕೊಂಡಿರು, ಒಂದು ನಿಮಿಷ ಸಿಗುತ್ತದೆ, ಎದುರಿಗೆ ಒಂದು ಜೀವಂತ ಮುಖ ಸಿಗುತ್ತದೆ. ಆದರೆ ಈ ಹುಡುಗಿ ಮುದುಕಿಯಾಗುವವರೆಗೂ, ತಾನು ಸತ್ತ ಮೇಲೂ, ಈ ಕಥೆಯನ್ನು ಹೇಳುತ್ತ ಹೋಗುವುದು ಕಣ್ಣಿಗೆ ಕಟ್ಟಿತು. ದೊಡ್ಡ ಮನಸ್ಸು, ದೊಡ್ಡ ಮನಸ್ಸು ಎಂದು. ಮೂವತ್ತನಾಲ್ಕು ವರ್ಷದ ಸಿಟ್ಟೆಲ್ಲ ಆ ಎರಡು ಪದಗಳ ಮೇಲೆ ಬಂತು.

'ಏನೂ ಹೇಳ್ಬೇಡ' ಎಂದಳು. 'ನಿನಗೋಸ್ಕರ ಮಾಡಿದ್ದಲ್ಲ ಅದು.'

'ಅಯ್ಯೋ, ಇದೇ ನಿಮ್ಮ ದೊಡ್ಡತನ.'

'ದೊಡ್ಡತನ ಅಂತೆ! ಮಣ್ಣು! ನಿನ್ನ ಮುಖದಲ್ಲಿ ಏನೂ ಬರದೇ ಇರಲಿ ಅಂತ ಮಾಡಿದ್ದು ಕಣೇ. ನಿನ್ನದು ಕೆಡಲಿ, ನನ್ನದು ಉಳೀಲಿ ಅಂತ. ಡೈರೆಕ್ಟರ್ ಬೈದಾಗಲೂ ಕೊಡಬಹುದಿತ್ತು. ಬೇಕಂತಲೇ ಕೊಡಲಿಲ್ಲ.'

ಹುಡುಗಿ ನಕ್ಕಳು. ತಮಾಷೆ ಮಾಡ್ಬೇಡಿ ಎನ್ನಲು ಬಾಯಿ ತೆರೆದು, ಅವಳ ಮುಖ ನೋಡಿ ನಿಲ್ಲಿಸಿದಳು. ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. 'ನಾನೇನು ಮಾಡಿದ್ದೆ ನಿಮಗೆ?' ಎಂದಳು.

'ಏನೂ ಮಾಡಿರ್ಲಿಲ್ಲ.'

'ಮತ್ತೆ?'

ಅವಳು ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡಳು. ಸಹಾಯಕ ನಿರ್ದೇಶಕ ಬಾಗಿಲಲ್ಲಿ ತಲೆ ಹಾಕಿ, 'ಲೈಟ್ ರೆಡಿ ಅಮ್ಮ' ಎಂದ.

ಈಗ ಬೆಳಕು ಅವಳ ಮೇಲೆ. ಕಣ್ಣಿಗೆ ಕತ್ತಲಾದ ಕಡೆ, ಕ್ಯಾಮೆರಾದ ಪಕ್ಕದಲ್ಲಿ, ಹುಡುಗಿ ನಿಂತಿದ್ದಳು. ಹೋಗಿಲ್ಲವಲ್ಲ ಎಂದುಕೊಂಡಳು. ಹೋಗಿದ್ದರೇ ಚೆನ್ನಾಗಿತ್ತು ಎಂದೂ ಅನಿಸಿತು. ಕ್ಯಾಮೆರಾ ಓಡಿತು. 'ಆ ಕಾಗದ ಬಂದಿತ್ತಾ ಅಮ್ಮ' ಎಂದಳು ಹುಡುಗಿ. ಪ್ರಶ್ನೆಯೂ ಅಲ್ಲ, ಸಿಟ್ಟೂ ಅಲ್ಲ. ಅವಳ ಕಿವಿಯ ಪಕ್ಕದ ಗೋಡೆಗೆ ಹೇಳಿದಂತಿತ್ತು. ಅವಳು ಬಾಯಿ ತೆರೆದಳು. ಮಾತು ಇರಲಿಲ್ಲ. ಬೆಳಿಗ್ಗೆಯಿಂದ ನೂರು ಸಲ ಹೇಳಿಕೊಂಡ ಮಾತು, ನಾಲ್ಕು ಟೇಕ್ ಸತತವಾಗಿ ಒಪ್ಪಿಸಿದ ಮಾತು, ಅದಿದ್ದ ಜಾಗದಲ್ಲಿ ಬರೀ ಬೆಳಕಿತ್ತು. ಒತ್ತಿಟ್ಟಿದ್ದೆ ಎಂದುಕೊಂಡದ್ದೂ ಎಲ್ಲಿಗೋ ಇಂಗಿಹೋಗಿತ್ತು. ಹುಡುಗಿಗೆ ಆ ಮಾತು ಗೊತ್ತಿದೆ, ಮೊದಲ ಅಕ್ಷರ ಸನ್ನೆ ಮಾಡಿದರೂ ಸಾಕು, ಎಲ್ಲ ಬಂದುಬಿಡುತ್ತದೆ. ಹುಡುಗಿಯ ತುಟಿ ಮುಚ್ಚಿಯೇ ಇತ್ತು. ದೊಡ್ಡಕ್ಕನ ಬೆನ್ನು ಆ ರಾತ್ರಿ ಎಷ್ಟು ಹೊತ್ತು ಕಾದಿತ್ತು ಎಂದು ಅವಳಿಗೆ ಈಗ ಮೈಯಿಂದಲೇ ಗೊತ್ತಾಯಿತು. ಕಟ್.

'ಪರವಾಗಿಲ್ಲ ಅಮ್ಮ, ಪರವಾಗಿಲ್ಲ' ಎಂದ ನಿರ್ದೇಶಕ, ಆಸ್ಪತ್ರೆಯಲ್ಲಿ ವಯಸ್ಸಾದವರ ಜೊತೆ ಮಾತಾಡುವ ಧ್ವನಿಯಲ್ಲಿ. 'ಡೈಲಾಗ್ ಒಂದ್ಸಲ ನೋಡ್ಕೋತೀರಾ? ಏಯ್, ಅಮ್ಮಂಗೆ ದೊಡ್ಡ ಅಕ್ಷರದಲ್ಲಿ ಬರ್ಕೊಂಡ್ ಬಾರಪ್ಪ. ಬೇಕಾದ್ರೆ ತುಂಡು ತುಂಡಾಗಿ ತೆಗೆಯೋಣ, ಮಧ್ಯೆ ಮಧ್ಯೆ ಮಗಳ ಮುಖಕ್ಕೆ ಹೋದ್ರಾಯ್ತು.' ಅಲ್ಲಿಗೆ ತನ್ನ ಒಂದು ನಿಮಿಷ ಮುಗಿಯಿತು ಎಂದು ಅವಳಿಗೆ ಅರ್ಥವಾಯಿತು. ಹಿಂದೆ ಯಾರೋ 'ವಯಸ್ಸಾಯ್ತಲ್ಲ ಪಾಪ' ಎಂದರು. ಆ ಪಾಪ ಎನ್ನುವ ಪದ ಕೆನ್ನೆಗೆ ಹೊಡೆದಂತಾಯಿತು. ನಾನು ಮರೆಯುವವಳಲ್ಲ, ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಾಲೂ ಮರೆತವಳಲ್ಲ ಎಂದು ಹೇಳಬೇಕು, ಯಾರಿಗೆ ಹೇಳಬೇಕು?

'ಸರ್' ಎಂದಳು ಹುಡುಗಿ. ಎಲ್ಲರಿಗೂ ಕೇಳಿಸುವ ಹಾಗೆ. 'ಅಮ್ಮಂದಲ್ಲ ಸರ್ ತಪ್ಪು. ನಾನು ಕ್ಯೂ ಸರಿಯಾಗಿ ಕೊಡಲಿಲ್ಲ. ಬೇಕಂತಲೇ ಕೊಡಲಿಲ್ಲ.'

ನಿರ್ದೇಶಕ ಅವಳನ್ನೂ ಇವಳನ್ನೂ ನೋಡಿದ.

'ತುಂಡು ತುಂಡು ಬೇಡ ಸರ್. ಪೂರಾ ತೆಗೀರಿ' ಎಂದು ಹುಡುಗಿ ಒಂದು ಹೆಜ್ಜೆ ಬೆಳಕಿಗೆ ಬಂದಳು. ಕಣ್ಣಲ್ಲಿ ಕೋಪ ಹಾಗೇ ಇತ್ತು, ಕ್ಷಮಿಸಿದವರ ಮುಖ ಅದಾಗಿರಲಿಲ್ಲ. 'ಇನ್ನೊಂದ್ಸಲ ಮಾಡೋಣ ಅಮ್ಮ. ಈ ಸಲ ಸರಿಯಾಗಿ ಕೊಡ್ತೀನಿ.'

ಅವಳಿಗೆ ಹೊಟ್ಟೆ ಉರಿಯಿತು. ಆ ಚರ್ಮಕ್ಕಲ್ಲ, ಆ ಇಪ್ಪತ್ತೆರಡು ವರ್ಷಕ್ಕಲ್ಲ, ಮುಂದೆ ಬರಲಿರುವ ಹೆಸರಿಗೂ ಅಲ್ಲ. ಇಷ್ಟು ಸುಲಭವಿತ್ತೇ ಇದು? ಬಾಯಿ ಬಿಟ್ಟು, ನಾಲ್ಕು ಜನರೆದುರು, ಎರಡು ಸಾಲು. ಅವತ್ತು ದೊಡ್ಡಕ್ಕನಿಗೆ ಒಂದು ಲೋಟ ನೀರು ಕೊಡುವಾಗ ಹೇಳಿ ಮುಗಿಸಬಹುದಾಗಿದ್ದ ಎರಡು ಸಾಲು. ಅದನ್ನು ಹೇಳಲಾರದೆ ತಾನು ಊರಿನವರ ಮುಖಗಳಿಗೆಲ್ಲ ದೀಪದ ಕಂಬದ ಪಕ್ಕ ನಿಂತು ಗಂಟಲು ಹರಿದುಕೊಂಡಳಲ್ಲ, ಈ ಉಗುರು ಕಡಿಯುವ ಹುಡುಗಿ ಐದು ನಿಮಿಷದಲ್ಲಿ ಹೇಳಿ ಕೈ ತೊಳೆದುಕೊಂಡು ನಿಂತಿದ್ದಾಳೆ.

'ಸರಿ, ಪೂರಾನೇ ತೆಗೆಯೋಣ. ರೆಡಿನಾ ಅಮ್ಮ?' ಎಂದ ನಿರ್ದೇಶಕ.

'ಇಲ್ಲ' ಎಂದಳು. ಇಷ್ಟು ವರ್ಷದಲ್ಲಿ ಅವಳು ಸೆಟ್ಟಿನಲ್ಲಿ ಆ ಮಾತು ಆಡಿದ್ದು ಇದೇ ಮೊದಲು. 'ರೆಡಿ ಇಲ್ಲ. ಕಾಯ್ರಿ.'

ಎಲ್ಲರೂ ಕಾದರು. ಕ್ಯಾಮೆರಾದವನು ಕಿಂಡಿಯಿಂದ ಕಣ್ಣು ತೆಗೆದು ಒರೆಸಿಕೊಂಡು ಮತ್ತೆ ಇಟ್ಟ. ಹುಡುಗಿ ತನ್ನ ಜಾಗಕ್ಕೆ ಹಿಂತಿರುಗಿ, ಎರಡೂ ಕೈ ಕೆಳಗೆ ಬಿಟ್ಟು, ಅವಳ ಕಡೆಗೇ ಮುಖ ಮಾಡಿ ನಿಂತಳು, ಎಷ್ಟು ಹೊತ್ತಾದರೂ ಕಾಯುತ್ತೇನೆ ಎನ್ನುವ ಹಾಗೆ. ಯಾರಾದರೂ ತನ್ನೆದುರು ಹೀಗೆ ನಿಲ್ಲಲಿ ಎಂದು ಅವಳು ಇಪ್ಪತ್ತೆಂಟು ವರ್ಷ ಬಯಸಿದ್ದಳು. ತಲೆ ಎತ್ತಿ ಆ ಮುಖವನ್ನು ನೋಡಿದರೆ ಸಾಕಿತ್ತು. ಅದೊಂದು ಅವಳಿಂದ ಆಗುತ್ತಿರಲಿಲ್ಲ.